ತಿಳಿಯಾದ ವೃತ್ತದೊಳಗೆ ಎದ್ದ ಕಾಲೊನಿಗಳು

ಮಂಡ್ಯದ ಸುತ್ತಲಿನ ಹಳ್ಳಿಗಳಲ್ಲಿ ಕೆಚ್ಚಲು ಬಾವು ಬಂದ ಹಸುಗಳ ಹಾಲನ್ನು ಪರೀಕ್ಷಿಸುವುದು ನನ್ನ ಕೆಲಸ. ಮೊದಲ ಕೆಲವು ಧಾರೆ ಚೆಲ್ಲಿ, ಮೊಲೆತುದಿಯನ್ನು ಸ್ಪಿರಿಟ್ ಹತ್ತಿಯಿಂದ ಒರೆಸಿ ತೆಗೆದ ಹಾಲಿನಿಂದ ಬ್ಯಾಕ್ಟೀರಿಯಾ ಬೆಳೆಸಿ, ಅಗರ್ ತಟ್ಟೆಯ ಮೇಲೆ ಒಂದೇ ಸಮನೆ ಹರಡಿ, ಆಂಟಿಬಯಾಟಿಕ್ ಹೀರಿದ ಕಾಗದದ ಬಿಲ್ಲೆಗಳನ್ನಿಟ್ಟು, 35 ಡಿಗ್ರಿ ಸೆಲ್ಸಿಯಸ್‌ನಲ್ಲಿ ರಾತ್ರಿಯಿಡೀ ಇರಿಸುತ್ತೇನೆ. ಔಷಧ ನಾಟಿದರೆ ಬಿಲ್ಲೆಯ ಸುತ್ತ ಏನೂ ಬೆಳೆಯದ ತಿಳಿಯಾದ ವೃತ್ತ ಮೂಡುತ್ತದೆ.

ಪದೇ ಪದೇ ಚಿಕಿತ್ಸೆ ಪಡೆದಿದ್ದ ಹಸುವೊಂದರ ಹಾಲಿನಲ್ಲಿ ಸಿಕ್ಕಿದ್ದು ಸ್ಟೆಫೈಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ. ಸ್ಟ್ರೆಪ್ಟೊಮೈಸಿನ್ ಎಂಬ ಆಂಟಿಬಯಾಟಿಕ್‌ನ ಬಿಲ್ಲೆಯ ಸುತ್ತ ವೃತ್ತವೇನೋ ಅಗಲವಾಗಿಯೇ ಇತ್ತು. ಆದರೆ ಅದರೊಳಗೆ ಸಾಸಿವೆಗಿಂತ ಸಣ್ಣ, ನಸುಹಳದಿ ಕಾಲೊನಿಗಳು, ಅಂದರೆ ಬ್ಯಾಕ್ಟೀರಿಯಾದ ಗುಂಪುಗಳು, ಅಲ್ಲೊಂದು ಇಲ್ಲೊಂದು ಎದ್ದಿದ್ದವು. ಬೇರೆ ಜಾತಿಯೇನಾದರೂ ಬೆರೆತಿರಬಹುದೆಂಬ ಅನುಮಾನ ಸಹಜವಾದ್ದರಿಂದ, ಒಂದನ್ನು ಲೂಪಿನಿಂದ ಎತ್ತಿ ಶುದ್ಧವಾಗಿ ಬೆಳೆಸಿ, ಜಾತಿ ಗುರುತಿಸಲು ಗ್ರಾಂ ಬಣ್ಣ ಹಾಕಿ, ಕೊಯಾಗ್ಯುಲೇಸ್ ಪರೀಕ್ಷೆಯನ್ನೂ ಮಾಡಿದೆ. ಅದೇ ಜಾತಿ. ಅದನ್ನು ಹೊಸ ತಟ್ಟೆಗೆ ಹರಡಿ ಅದೇ ಬಿಲ್ಲೆಯಿಟ್ಟಾಗ ವೃತ್ತವೇ ಮೂಡದೆ, ಬೆಳವಣಿಗೆ ಕಾಗದದ ಅಂಚಿಗೇ ತಾಗಿಕೊಂಡಿತ್ತು.

ತರಬೇತಿಗೆ ಬರುವ ವಿದ್ಯಾರ್ಥಿಗಳು ಇಂಥದ್ದನ್ನು ಕಂಡು, “ಸರ್, ಇದು ಔಷಧಕ್ಕೆ ಒಗ್ಗಿಕೊಂಡಿದೆ” ಎನ್ನುತ್ತಾರೆ. ಪಠ್ಯದಲ್ಲಿ ನೈಸರ್ಗಿಕ ಆಯ್ಕೆಯನ್ನು ಓದಿದವರೂ ಹೀಗೆಯೇ ಹೇಳುವುದು ನನಗೆ ಸೋಜಿಗ. ಕೋಶದೊಳಗೆ ಪ್ರೋಟೀನು ತಯಾರಿಸುವ ರೈಬೋಸೋಮಿನ ಭಾಗವಾದ ಎಸ್12 ಪ್ರೋಟೀನಿನ ಜೀನಿನಲ್ಲಿ ಒಂದೇ ಒಂದು ಬದಲಾವಣೆಯಾದರೂ ಸ್ಟ್ರೆಪ್ಟೊಮೈಸಿನ್ ಅಲ್ಲಿಗೆ ಅಂಟಿಕೊಳ್ಳಲಾರದೆ ಹೋಗಬಹುದು. ಕೋಟಿಗಟ್ಟಲೆ ಕೋಶಗಳು ವಿಭಜನೆಗೊಳ್ಳುವಾಗ ಅಂಥ ಬದಲಾವಣೆ ಔಷಧದ ಹಂಗಿಲ್ಲದೆ ಅಪರೂಪಕ್ಕೆ ಆಗುತ್ತಲೇ ಇರುತ್ತದೆ. 1952ರಲ್ಲಿ ಜೋಶುವಾ ಮತ್ತು ಎಸ್ತರ್ ಲೆಡರ್‌ಬರ್ಗ್ ದಂಪತಿ ಇದನ್ನು ತೋರಿಸಿದ ವಿಧಾನವನ್ನೇ ನಾನೂ ಅನುಸರಿಸಿದೆ. ಕ್ರಿಮಿಶುದ್ಧ ಮಖಮಲ್ ಬಟ್ಟೆಯನ್ನು ಮರದ ಅಚ್ಚಿಗೆ ಬಿಗಿದು, ಔಷಧವಿಲ್ಲದ ತಟ್ಟೆಯ ಬೆಳವಣಿಗೆಯ ಮೇಲೊತ್ತಿ, ಅದನ್ನೇ ಸ್ಟ್ರೆಪ್ಟೊಮೈಸಿನ್ ಬೆರೆಸಿದ ತಟ್ಟೆಗಳಿಗೆ ಸಾಲಾಗಿ ಒತ್ತಿದೆ. ಮಾರನೆಯ ದಿನ ಹೋಲಿಸಿದಾಗ ಹಲವು ಕಾಲೊನಿಗಳು ಎಲ್ಲ ತಟ್ಟೆಗಳಲ್ಲೂ ಒಂದೇ ಸ್ಥಾನದಲ್ಲಿದ್ದವು. ಔಷಧ ತಗುಲಿದ ಮೇಲೆ ಬದಲಾವಣೆ ಆಗಿದ್ದರೆ ಅವು ಒಂದೊಂದು ತಟ್ಟೆಯಲ್ಲಿ ಒಂದೊಂದು ಕಡೆ ಇರಬೇಕಿತ್ತು.

ಪೆನಿಸಿಲಿನ್ ವಿಷಯ ಸ್ವಲ್ಪ ಬೇರೆ. ಅದನ್ನು ಒಡೆಯುವ ಕಿಣ್ವದ ಜೀನು ಹೆಚ್ಚಾಗಿ ಪ್ಲಾಸ್ಮಿಡ್ ಎಂಬ, ಮುಖ್ಯ ವರ್ಣತಂತುವಿನಿಂದ ಬೇರೆಯಾದ ಸಣ್ಣ ಡಿಎನ್ಎ ತುಣುಕಿನಲ್ಲಿರುವುದರಿಂದ ಒಂದು ಕೋಶದಿಂದ ಇನ್ನೊಂದಕ್ಕೆ ದಾಟಬಲ್ಲದು. ಹಾಗೆ ಪಡೆದ ಕೋಶಗಳಿಗೆ ಮೇಲುಗೈ ಕೊಡುವುದು ಮಾತ್ರ ಅಲ್ಲೂ ಔಷಧವೇ.

“ಹೋದ್ಸಲ ಇದೇ ಇಂಜೆಕ್ಸನ್‌ಗೆ ವಾಸಿಯಾಗಿತ್ತಲ್ಲ, ಡಾಕ್ಟ್ರೇ?” ಎಂದು ಹಸುವಿನ ಯಜಮಾನರು ಕೇಳಿದರು. ಆಗ ಸಾಯದೆ ಉಳಿದವುಗಳ ಸಂತತಿಯೇ ಈಗ ಕೆಚ್ಚಲಿನಲ್ಲಿ ತುಂಬಿರಬಹುದೆಂದು ವಿವರಿಸಿದೆ. ವೃತ್ತದ ಅಳತೆ ಸಾಕಷ್ಟಿದ್ದರೂ, ಒಳಗೆ ಅದೇ ಜಾತಿಯ ಕಾಲೊನಿಗಳಿರುವುದು ಖಚಿತವಾದರೆ ಆ ಔಷಧವನ್ನು ನಾಟುವ ಔಷಧವೆಂದು ನಾನು ವರದಿಯಲ್ಲಿ ಬರೆಯುವುದಿಲ್ಲ.