ಸವೆದ ಬಕೆಟ್ ಹಲ್ಲಿಗೆ ಹಾರ್ಡ್‌ಫೇಸಿಂಗ್ ಮಾಡುವ ಕ್ರಮ

ಕುಮಟಾ, ಹೊನ್ನಾವರ, ಭಟ್ಕಳದ ಚಿರೆಕಲ್ಲಿನ ನೆಲವನ್ನು ಅಗೆಯುವ ಯಂತ್ರಗಳ ಬಕೆಟ್ ಹಲ್ಲು ಬೇಗ ಸವೆಯುತ್ತದೆ. ಹಲ್ಲಿನ ಮೂಲ ಆಕಾರ ಇನ್ನೂ ಉಳಿದಿರುವಾಗಲೇ ಅದರ ಮೇಲೆ ಗಟ್ಟಿ ಮಿಶ್ರಲೋಹದ ಪದರವನ್ನು ವೆಲ್ಡಿಂಗ್‌ನಿಂದ ಕೂರಿಸುವುದು, ಅಂದರೆ ಹಾರ್ಡ್‌ಫೇಸಿಂಗ್ ಮಾಡುವುದು, ಒಳ್ಳೆಯದು. ಮೊಂಡಾದ ಮೇಲೆ ವೆಲ್ಡಿಂಗ್ ರಾಡ್ ಸುರಿಯುವುದು ದುಡ್ಡು ದಂಡ.

ರಾಡ್ ಕೊಳ್ಳುವ ಮೊದಲು ಅಡಿಯ ಲೋಹ ಯಾವುದೆಂದು ತಿಳಿಯಬೇಕು. ಗ್ರೈಂಡರ್‌ನಿಂದ ಉಜ್ಜಿದ ಜಾಗಕ್ಕೆ ಅಯಸ್ಕಾಂತ ಹಿಡಿಯಿರಿ. ಅಂಟದಿದ್ದರೆ ಅದು ಜಲ್ಲಿ ಕ್ರಷರ್‌ನ ದವಡೆಗಳಲ್ಲಿ ಬಳಸುವಂಥ ಮ್ಯಾಂಗನೀಸ್ ಉಕ್ಕಾಗಿರಬಹುದು. ಅದನ್ನು ಮುಂಚಿತವಾಗಿ ಕಾಯಿಸಬಾರದು. ಕೆಲಸದ ನಡುವೆಯೂ ಉಷ್ಣತೆ 260 ಡಿಗ್ರಿ ಸೆಲ್ಸಿಯಸ್ ದಾಟಿದರೆ ಉಕ್ಕು ಪೆಡಸಾಗುತ್ತದೆ. ಅಯಸ್ಕಾಂತ ಹಿಡಿಯುವ ಸಾಮಾನ್ಯ ಬಕೆಟ್ ಹಲ್ಲನ್ನಾದರೆ ಸುಮಾರು 150ರಿಂದ 200 ಡಿಗ್ರಿವರೆಗೆ ಕಾಯಿಸಿಕೊಂಡೇ ಶುರು ಮಾಡಬೇಕು.

ನಮ್ಮ ಕರಾವಳಿಯಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಒತ್ತಿ ಹೇಳುವುದು ರಾಡ್‌ನ ತೇವದ ಬಗ್ಗೆ. ಮಳೆಗಾಲದಲ್ಲಿ ತೆರೆದಿಟ್ಟ ಪ್ಯಾಕೆಟ್ಟಿನ 7018 ರಾಡ್ (ಸವೆದ ಹಲ್ಲಿನ ಆಕಾರ ಕಟ್ಟಲು ಬಳಸುವ ರಾಡ್) ಗಾಳಿಯ ನೀರನ್ನು ಹೀರಿಕೊಳ್ಳುತ್ತದೆ. ಆ ನೀರಿನಿಂದ ಬಿಡುಗಡೆಯಾದ ಹೈಡ್ರೋಜನ್ ಉಕ್ಕಿನೊಳಗೆ ಸೇರಿ, ಕೆಲಸ ಮುಗಿದು ಗಂಟೆಗಳ ಮೇಲೆ ಬೆಸುಗೆಯ ಅಡಿಯಲ್ಲಿ ಬಿರುಕು ಬಿಡಿಸುತ್ತದೆ. ಬಿಸಿಲಿಗೆ ಒಡ್ಡಿದರೆ ಸಾಲದು. ರಾಡ್ ಓವನ್‌ನಲ್ಲಿ 300ರಿಂದ 350 ಡಿಗ್ರಿಯಲ್ಲಿ ಒಂದೆರಡು ಗಂಟೆ ಒಣಗಿಸಬೇಕು. ಮೇಲಿನ ಗಟ್ಟಿ ಪದರ ಹಾಕುವ ರಾಡ್‌ಗೆ ಪ್ಯಾಕೆಟ್ ಮೇಲಿನ ಸೂಚನೆಯನ್ನೇ ಪಾಲಿಸಿ.

ತುಕ್ಕು, ಗ್ರೀಸ್, ಬಿರಿದ ಹಳೆಯ ಪದರ ಇವೆಲ್ಲವನ್ನೂ ಲೋಹ ಹೊಳೆಯುವವರೆಗೆ ತೆಗೆಯಿರಿ. ಯಂತ್ರದ ಮೇಲೆಯೇ ಕೆಲಸ ಮಾಡುವುದಾದರೆ ಬ್ಯಾಟರಿ ಸಂಪರ್ಕ ತಪ್ಪಿಸಿ, ಅರ್ಥ್ ಕ್ಲಾಂಪನ್ನು ಹಲ್ಲಿನ ಹತ್ತಿರವೇ ಕಚ್ಚಿಸಿ. ಸಾಮಾನ್ಯ ಹಲ್ಲು ತೀರಾ ಸವೆದಿದ್ದರೆ ಮೊದಲು 7018ರಿಂದ ಆಕಾರ ಕಟ್ಟಿ, ಮೇಲಿನ ಕೆಲವು ಮಿಲಿಮೀಟರ್ ಜಾಗವನ್ನು ಮಾತ್ರ ಕ್ರೋಮಿಯಂ ಕಾರ್ಬೈಡ್ ರಾಡ್‌ಗೆ ಬಿಡಿ. ಕರೆಂಟ್ ಕಡಿಮೆ ಇಟ್ಟಷ್ಟೂ ಅಡಿಯ ಉಕ್ಕು ಕಡಿಮೆ ಬೆರೆತು ಪದರ ಗಟ್ಟಿ ನಿಲ್ಲುತ್ತದೆ. ಎರಡು ಪದರ ಸಾಕು. ಅದಕ್ಕಿಂತ ದಪ್ಪವಾದರೆ ಚಕ್ಕೆಯಾಗಿ ಏಳುವ ಅಪಾಯವಿದೆ. ಬೆಸುಗೆಯ ಗೆರೆಗೆ ಅಡ್ಡಲಾಗಿ ಕಾಣುವ ಸಣ್ಣ ಬಿರುಕುಗಳು ಈ ರಾಡ್‌ನ ಸಹಜ ಗುಣ. ಆದರೆ ಗೆರೆಯ ಅಂಚಿನುದ್ದಕ್ಕೂ ಬಿರುಕು ಓಡಿದ್ದರೆ ಉಜ್ಜಿ ತೆಗೆದು ಮತ್ತೆ ಹಾಕಬೇಕು.

ಮಣ್ಣು ಸರಿಯುವ ದಿಕ್ಕಿಗೆ ಅಡ್ಡವಾಗಿ ಗೆರೆ ಎಳೆದರೆ ಸಂದಿಗಳಲ್ಲಿ ಮಣ್ಣು ತುಂಬಿ ಅದೇ ರಕ್ಷಣೆಯಾಗುತ್ತದೆ. ದೊಡ್ಡ ಕಲ್ಲಿಗಾದರೆ ಅದು ಸರಿಯುವ ದಿಕ್ಕಿನಲ್ಲೇ ಉದ್ದುದ್ದ ಗೆರೆಯೇ ಸರಿ. ಚಿರೆಕಲ್ಲಿನ ನೆಲದಲ್ಲಿ ಹೆಂಟೆಯೂ ಪುಡಿಯೂ ಎರಡೂ ಇರುವುದರಿಂದ ಚೌಕುಳಿಯಂತೆ ಹಾಕುವುದು ನನಗೆ ಸರಿಯೆನಿಸುತ್ತದೆ.

ಕೆಲಸ ಮುಗಿದ ಸಾಮಾನ್ಯ ಹಲ್ಲನ್ನು ನೀರಿಗೆ ಅದ್ದದೆ ಒಣ ಬೂದಿಯಲ್ಲಿ ಹೂತು ನಿಧಾನವಾಗಿ ಆರಿಸಿ. ಕ್ರೋಮಿಯಂ ರಾಡ್‌ನ ಹೊಗೆ ಕ್ಯಾನ್ಸರ್‌ಕಾರಕವಾದ್ದರಿಂದ, ಮಳೆಯ ಇರಚಲಿಗೆಂದು ತಾಡಪಾಲು ಇಳಿಬಿಟ್ಟು ಮುಚ್ಚಿದ ಶೆಡ್ಡಿನೊಳಗೆ ಈ ಕೆಲಸ ಮಾಡಬೇಡಿ.