ಡೇರಿ ಮುಂದೆ ಬಿಪಿ ನೋಡುವುದು ಹೇಗೆ?

ನಾನು ಉಪಕೇಂದ್ರದ ನರ್ಸ್. ಹಳ್ಳಿಯಲ್ಲಿ ಬಿಪಿ ನೋಡೋಕೆ ಬೆಳಿಗ್ಗೆ ಡೇರಿಗೆ ಹಾಲು ಹಾಕುವ ಹೊತ್ತೇ ಸರಿ. ಹತ್ತು ಗಂಟೆಗೆ ಮೇಜು ಹಾಕಿದರೆ ಗಂಡಸರು ಸಿಗುವುದಿಲ್ಲ, ಹೊಲಕ್ಕೆ ಹೋಗಿರುತ್ತಾರೆ. 30 ವರ್ಷ ದಾಟಿದ ಎಲ್ಲರನ್ನೂ ಕರೆಯಿರಿ.

ಕ್ಯಾನ್ ಹೊತ್ತು ಬಂದವರಿಗೆ ತಕ್ಷಣ ಪಟ್ಟಿ ಸುತ್ತಬೇಡಿ, ಸುಮ್ನೆ ಜಾಸ್ತಿ ತೋರಿಸುತ್ತದೆ. ಐದು ನಿಮಿಷ ಕೂರಿಸಿ. ಬೆನ್ನಿಗೆ ಆಸರೆ ಇರಲಿ, ಪಾದ ನೆಲಕ್ಕೆ ತಾಗಿರಲಿ, ತೋಳು ಎದೆಯ ಮಟ್ಟಕ್ಕಿರಲಿ. ಬಟ್ಟೆಯ ಮೇಲೆ ಪಟ್ಟಿ ಬೇಡ. ಹೆಂಗಸರಿಗೆ ಹಳೇ ಸೀರೆ ಕಟ್ಟಿ ಮರೆ ಮಾಡಿ. ಕಾಫಿ, ಬೀಡಿ ಈಗಷ್ಟೇ ಆಗಿದ್ದರೆ ಅರ್ಧ ಗಂಟೆ ಕಾಯಿಸಿ. ಅಳೆಯುವಾಗ ಮಾತಾಡಬಾರದು. ಡೇರಿ ಮುಂದೆ ಇದೇ ಕಷ್ಟ, ಅಲ್ವಾ?

140/90 ಅಥವಾ ಮೇಲಿದ್ದರೆ ಸ್ವಲ್ಪ ಬಿಟ್ಟು ಮತ್ತೆ ನೋಡಿ. ಆಗಲೂ ಇಳಿಯದಿದ್ದರೆ ಚೀಟಿ ಬರೆದು ಡಾಕ್ಟರ ಹತ್ತಿರ ಕಳಿಸಿ. ಎದೆನೋವು ಅಂದವರಿಗೆ ಅಂಕಿ ನೋಡುತ್ತಾ ಕೂರಬೇಡಿ, 108ಕ್ಕೆ ಫೋನ್ ಮಾಡಿ.