ಹರಳಿನ ಬಿಸಿಯಿಂದ ಫೋಟಾನ್ ಜೋಡಿಯ ಶ್ರುತಿ ಕೂಡಿಸಿದ ಬಗೆ

405 ನ್ಯಾನೋಮೀಟರ್ ನೇರಳೆ ಲೇಸರನ್ನು ಪಿಪಿಕೆಟಿಪಿ (ಪೊಟ್ಯಾಸಿಯಂ ಟೈಟನೈಲ್ ಫಾಸ್ಫೇಟ್) ಹರಳಿನಲ್ಲಿ ಹಾಯಿಸಿದರೆ ಅಪರೂಪಕ್ಕೊಮ್ಮೆ ಒಂದು ಫೋಟಾನ್, ಅಂದರೆ ಬೆಳಕಿನ ಕಣ, ಒಡೆದು ಎರಡಾಗುತ್ತದೆ. ಶಕ್ತಿ ಸರಿಪಾಲಾದರೆ ಎರಡೂ 810 ನ್ಯಾನೋಮೀಟರ್. ಪಾಲು ಹೇಗೆಂಬುದು ಹರಳಿನ ಬಿಸಿಯ ಮೇಲೆ ನಿಂತಿದೆ. ನಾವು ಬಳಸಿದ್ದು ಟೈಪ್-2 ಹರಳು (ಜೋಡಿಯ ಎರಡು ಫೋಟಾನ್‌ಗಳ ಧ್ರುವಣ, ಅಂದರೆ ಕಂಪನದ ದಿಕ್ಕು, ಒಂದಕ್ಕೊಂದು ಅಡ್ಡ), 10 ಮಿ.ಮೀ. ಉದ್ದ.

ಹರಳನ್ನು ಬಿಸಿಮಾಡುವ ಓವನ್ನಿಗೆ ಕೈ ಹಾಕುವ ಮೊದಲು ಪಂಪ್ ಲೇಸರನ್ನು, ಅಂದರೆ ಆ ನೇರಳೆ ಲೇಸರನ್ನು, ಹತೋಟಿಗೆ ತನ್ನಿ. ನಮ್ಮ ಮಟ್ಟಿಗೆ ಇಡೀ ಕೆಲಸದ ಬುಡ ಇದೇ. ಲೇಸರ್ ಡಯೋಡಿನ ಕರೆಂಟ್ ಬದಲಾದರೂ, ಡಯೋಡ್ ಬಿಸಿಯಾದರೂ ತರಂಗಾಂತರ ಜಾರುತ್ತದೆ. ಪಂಪ್ 405.4 ಆದರೆ ಜೋಡಿಯ ಮಧ್ಯಬಿಂದು 810.8, ಓವನ್ ಎಷ್ಟು ತಿರುವಿದರೂ ಎರಡೂ ಒಟ್ಟಿಗೆ 810ಕ್ಕೆ ಬರಲಾರವು. ಹರಳಿನಿಂದ ಹಿಂದಕ್ಕೆ ಮರಳುವ ಬೆಳಕೂ ಡಯೋಡನ್ನು ಕೆಡಿಸುತ್ತದೆ. ನಡುವೆ ಬೆಳಕನ್ನು ಒಂದೇ ದಿಕ್ಕಿಗೆ ಬಿಡುವ ಐಸೊಲೇಟರ್ ಇರಲಿ, ಹರಳು ಕೂದಲೆಳೆಯಷ್ಟು ಓರೆಯಾಗಿರಲಿ.

ಆಮೇಲೆ ಓವನ್. ನಿಮಿಷಕ್ಕೆ 2 ಡಿಗ್ರಿಗಿಂತ ಜೋರಾಗಿ ಏರಿಸಲಿಲ್ಲ, ಹರಳು ಬಿರುಕು ಬಿಡಬಹುದು. 30ರಿಂದ 60 ಡಿಗ್ರಿವರೆಗೆ ಒಂದೊಂದೇ ಡಿಗ್ರಿ, ಪ್ರತಿ ಹೆಜ್ಜೆಗೂ 10 ನಿಮಿಷ ಕಾಯುವುದು. ಬಿಸಿ ಅಳೆಯುವ ಥರ್ಮಿಸ್ಟರ್ ಇರುವುದು ಓವನ್ನಿನ ಲೋಹದ ದಿಮ್ಮಿಯಲ್ಲಿ. ಹರಳು ಅದರ ಹಿಂದೆ ನಿಧಾನಕ್ಕೆ ಬರುತ್ತದೆ. ಆತುರಪಟ್ಟರೆ ಏರುವಾಗ ಒಂದು ಗ್ರಾಫ್, ಇಳಿಯುವಾಗ ಇನ್ನೊಂದು.

ಧ್ರುವಣ ಬೀಮ್‌ಸ್ಪ್ಲಿಟರ್ ಜೋಡಿಯ ಎರಡು ಫೋಟಾನ್‌ಗಳನ್ನು ಧ್ರುವಣ ನೋಡಿ ಬೇರೆ ದಾರಿಗೆ ಕಳಿಸುತ್ತದೆ; ಎರಡೂ ದಾರಿಗಳಲ್ಲಿ 810ರ ಸುತ್ತ 3 ನ್ಯಾನೋಮೀಟರ್ ಅಗಲವನ್ನಷ್ಟೇ ಬಿಡುವ ಫಿಲ್ಟರ್ ಇತ್ತು. ಪ್ರತಿ ದಾರಿಯ ಡಿಟೆಕ್ಟರಿನ ಫೋಟಾನ್ ಎಣಿಕೆಯನ್ನು ಬಿಸಿಯ ಎದುರು ಬೇರೆಬೇರೆಯಾಗಿ ಗ್ರಾಫ್ ಹಾಕಿ. ಎರಡೂ ಒಂದೇ ಬಿಸಿಯಲ್ಲಿ ಏರಿದರೆ ಶ್ರುತಿ ಕೂಡಿದೆ. ಒಂದು ಮೊದಲು, ಇನ್ನೊಂದು ತಡವಾಗಿ ಏರಿದರೆ ಪಂಪ್ ಜಾರಿದೆ, ಇಲ್ಲವೇ ಫಿಲ್ಟರ್ ಓರೆಯಾಗಿದೆ. ಓರೆಯಾದ ಫಿಲ್ಟರ್ ಕಡಿಮೆ ತರಂಗಾಂತರದ ಕಡೆಗೆ ಸರಿಯುತ್ತದೆ. ಜೋಡಿ ಎಣಿಕೆ (ಎರಡೂ ಡಿಟೆಕ್ಟರ್‌ಗಳು ಒಟ್ಟಿಗೆ ಕಂಡ ಫೋಟಾನ್‌ಗಳ ಎಣಿಕೆ) ಕುಸಿದ ಕೂಡಲೇ ಕನ್ನಡಿ ತಿರುಗಿಸಲು ಹೋಗಬೇಡಿ. ಬೆಳಕನ್ನು ಡಿಟೆಕ್ಟರಿಗೆ ಒಯ್ಯುವ ಫೈಬರಿನ ಜೋಡಣೆ ಸರಿಯಿದ್ದರೂ ಫೋಟಾನ್‌ಗಳ ತರಂಗಾಂತರ ಫಿಲ್ಟರ್ ಬಿಡುವ ಅಗಲದಿಂದ ಆಚೆಗೆ ಜಾರಿರಬಹುದು. ಆಗ ತಿರುಗಿಸಿದರೆ ಸರಿಯಿದ್ದದ್ದೂ ಹಾಳು.

ಬೇರೆಬೇರೆ ಫೋಟಾನ್‌ಗಳು ಕಾಕತಾಳೀಯವಾಗಿ ಒಟ್ಟಿಗೆ ಬಂದು ಆಗುವ ಆಕಸ್ಮಿಕ ಜೋಡಿಗಳನ್ನು ಎಣಿಕೆಯಿಂದ ಕಳೆಯಲು ಮರೆಯಬೇಡಿ. ಎರಡೂ ಡಿಟೆಕ್ಟರ್‌ಗಳಲ್ಲಿ ಸೆಕೆಂಡಿಗೆ 1,00,000 ಎಣಿಕೆ, ಕಿಂಡಿ (ಎರಡು ಎಣಿಕೆ ಒಟ್ಟಿಗೆ ಬಂದವೆಂದು ಪರಿಗಣಿಸುವ ಸಮಯ) 3 ನ್ಯಾನೋಸೆಕೆಂಡ್ ಎಂದರೆ ಸೆಕೆಂಡಿಗೆ 30 ಸುಳ್ಳು ಜೋಡಿ. ನಿಜವಾದವು 10,000 ಇದ್ದರೆ ಇದು ಲೆಕ್ಕಕ್ಕಿಲ್ಲ, 200 ಇದ್ದರೆ ಇದೆ.

810ರಿಂದ ದೂರ ಹೋಗಬೇಕೆಂದರೆ ಈ ಸಣ್ಣ ಫಿಲ್ಟರೇ ಗೋಡೆ. ಅದನ್ನು ತೆಗೆದು, ಪಂಪನ್ನು ತಡೆದು ಹೆಚ್ಚು ತರಂಗಾಂತರದ ಬೆಳಕನ್ನು ಬಿಡುವ ಲಾಂಗ್‌ಪಾಸ್ ಫಿಲ್ಟರ್ ಹಾಕಿಕೊಳ್ಳಿ. ಆಗ ಪಂಪ್ ಬಿದ್ದಾಗ ಹರಳು ತಾನಾಗಿ ಸೂಸುವ ಹೊಳಪೂ ಒಳಬರುವುದರಿಂದ ಒಂದೊಂದು ಡಿಟೆಕ್ಟರಿನ ಒಂಟಿ ಎಣಿಕೆ ಹೆಚ್ಚುತ್ತದೆ. ಪಂಪಿನ ಶಕ್ತಿ ತಗ್ಗಿಸಿ, ಕಿಂಡಿಯನ್ನು ಕಿರಿದಾಗಿಸಿ.